ಶುಭವೂ ಲಾಭವೂ

ನಮ್ಮ ವರ್ತಕರಲ್ಲಿ ಹಲವರು ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವಾಗ ಅದರ ಮೊದಲ ಪುಟದಲ್ಲಿ ‘ಶುಭ’, ‘ಲಾಭ’ ಎಂಬ ಎರಡು ಮಾತುಗಳನ್ನು ಬರೆಯುವುದುಂಟು. ಶುಭ ಮೊದಲು, ಲಾಭ ಆಮೇಲೆ. ಈ ಎರಡಕ್ಕೂ ಇರುವ ನಂಟೇನು ಎಂಬ ಹಳೆಯ ಪ್ರಶ್ನೆಯೇ ಇಂದು ವ್ಯಾಪಾರ ಪ್ರಪಂಚದಲ್ಲಿ ಇ.ಎಸ್.ಜಿ. ಎಂಬ ಹೊಸ ಹೆಸರಿನಿಂದ ಚರ್ಚೆಗೆ ಬಂದಿದೆ. ಪರಿಸರ, ಸಮಾಜ, ಆಡಳಿತ ಈ ಮೂರರ ವಿಷಯದಲ್ಲಿ ಕಂಪನಿಯೊಂದು ನಡೆದುಕೊಳ್ಳುವ ರೀತಿಗೂ ಅದರ ಗಳಿಕೆಗೂ ಸಂಬಂಧವುಂಟೇ ಎಂಬುದು ಇದರ ತಿರುಳು. ವಿಶ್ವಸಂಸ್ಥೆಯ ಆಶ್ರಯದಲ್ಲಿ 2004ರಲ್ಲಿ ಹೊರಬಂದ ವರದಿಯೊಂದು ಈ ಹೆಸರನ್ನು ಬಳಕೆಗೆ ತಂದಿತು. ನಮ್ಮ ದೇಶದಲ್ಲಿ ಷೇರು ವ್ಯವಹಾರವನ್ನು ನಿಯಂತ್ರಿಸುವ ಸೆಬಿ, ಮಾರುಕಟ್ಟೆಯ ಮೌಲ್ಯದಲ್ಲಿ ಮೊದಲ ಸಾಲಿನಲ್ಲಿರುವ ಒಂದು ಸಾವಿರ ಕಂಪನಿಗಳು ತಮ್ಮ ನಡವಳಿಕೆಯ ವರದಿಯನ್ನು ಒಪ್ಪಿಸಲೇಬೇಕೆಂದು 2022–23ನೆಯ ಸಾಲಿನಿಂದ ಕಡ್ಡಾಯಮಾಡಿತು.

ಒಳ್ಳೆಯ ನಡತೆಯಿಂದ ಲಾಭವಾಗುವುದೇ? ಆಗುತ್ತದೆಂದು ಹೇಳುವವರಿಗೆ ಆಧಾರವಿಲ್ಲದಿಲ್ಲ. ಜರ್ಮನಿಯ ವಿದ್ವಾಂಸರು 2015ರಲ್ಲಿ ಸುಮಾರು 2,200 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೂರಕ್ಕೆ ತೊಂಬತ್ತರಷ್ಟರಲ್ಲಿ ಸದ್ವರ್ತನೆಯು ಗಳಿಕೆಗೆ ಕುಂದಾಗಿ ಕಂಡುಬರಲಿಲ್ಲ. ಅವುಗಳಲ್ಲಿ ಬಹುಪಾಲು ಇವೆರಡೂ ಜೊತೆಜೊತೆಯಾಗಿ ಸಾಗುತ್ತವೆಂದೇ ತೋರಿಸಿದುವು. ಆದರೆ ಜೊತೆಯಲ್ಲಿ ಸಾಗುವುದೆಲ್ಲ ಕಾರ್ಯಕಾರಣವಾಗಲಾರದು. ಸದ್ವರ್ತನೆಯಿಂದ ಕಂಪನಿ ಸಿರಿವಂತವಾಯಿತೋ, ಸಿರಿಯಿದ್ದುದರಿಂದ ಅದಕ್ಕೆ ಸದ್ವರ್ತನೆಯ ಖರ್ಚನ್ನು ಹೊರುವ ಶಕ್ತಿ ಬಂದಿತೋ, ಅಂಕಿಗಳು ತಾವಾಗಿಯೇ ಹೇಳುವುದಿಲ್ಲ.

ಅಳತೆಗೋಲಿನ ತೊಡಕು ಇನ್ನೊಂದು. ಒಂದೇ ಉತ್ತರಪತ್ರಿಕೆಯನ್ನು ಆರು ಮಂದಿ ಪರೀಕ್ಷಕರಿಗೆ ಕೊಟ್ಟರೆ ಅಂಕಗಳಲ್ಲಿ ಒಂದಿಷ್ಟು ಹೆಚ್ಚುಕಡಮೆಯಾಗುವುದನ್ನು ಅಧ್ಯಾಪಕರಾದ ನಾವೆಲ್ಲ ಬಲ್ಲೆವು. ಆದರೆ ಒಬ್ಬರು ಪ್ರಥಮದರ್ಜೆಯೆಂದುದನ್ನು ಇನ್ನೊಬ್ಬರು ಅನುತ್ತೀರ್ಣವೆಂದರೆ ಪರೀಕ್ಷೆಯ ಮೇಲೆಯೇ ನಂಬಿಕೆ ಹೋಗುತ್ತದೆ. ಬರ್ಗ್, ಕೋಲ್ಬೆಲ್, ರಿಗೊಬಾನ್ ಎಂಬ ಮೂವರು ಸಂಶೋಧಕರು ಕಂಪನಿಗಳ ನಡತೆಗೆ ಅಂಕ ಕೊಡುವ ಆರು ಸಂಸ್ಥೆಗಳನ್ನು ಹೋಲಿಸಿ 2022ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಆ ಅಂಕಗಳ ನಡುವಣ ಹೊಂದಾಣಿಕೆ ಸರಾಸರಿ 0.54 ಮಾತ್ರ. ಪೂರ್ಣ ಸಹಮತವಿದ್ದರೆ ಅದು 1 ಆಗಬೇಕು. ಯಾವುದನ್ನು ಅಳೆಯಬೇಕು, ಹೇಗೆ ಅಳೆಯಬೇಕು ಎಂಬಲ್ಲಿಯೇ ಅವರಿಗೆ ಒಮ್ಮತವಿಲ್ಲ.

ಹೊಗಳಿಕೆಗೂ ನಡತೆಗೂ ಎಷ್ಟು ದೂರವಿರಬಹುದೆಂಬುದಕ್ಕೆ ಹೈದರಾಬಾದಿನ ಸತ್ಯಂ ಕಂಪನಿಯ ಕಥೆಯೇ ಸಾಕ್ಷಿ. ಅದರ ಆಡಳಿತ ಮಂಡಲಿಯಲ್ಲಿ ಹೆಸರಾಂತ ಪ್ರಾಧ್ಯಾಪಕರಿದ್ದರು, ಸರ್ಕಾರದ ಉನ್ನತ ಪದವಿಯಲ್ಲಿದ್ದು ನಿವೃತ್ತರಾದವರಿದ್ದರು. ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಅದಕ್ಕೆ ಸ್ವರ್ಣಮಯೂರ ಪ್ರಶಸ್ತಿಯೂ ದೊರೆಯಿತು. ಕೆಲವೇ ತಿಂಗಳಲ್ಲಿ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ತಮ್ಮ ಲೆಕ್ಕವೇ ಸುಳ್ಳೆಂದು ಬರೆದುಕೊಟ್ಟರು. 7,000 ಕೋಟಿ ರೂಪಾಯಿಗೂ ಮಿಕ್ಕಿದ ವಂಚನೆ ಅದು. ಆ ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. 2015ರಲ್ಲಿ ರಾಜು ಅವರಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿತು. ಹೆಸರಿನಲ್ಲಿದ್ದ ಸತ್ಯ ಲೆಕ್ಕದಲ್ಲಿರಲಿಲ್ಲ.

ಆದರೂ ಸತ್ಯಂ ಕಥೆಯಲ್ಲಿ ಒಂದು ಸಮಾಧಾನವಿದೆ: ಅಲ್ಲಿ ತಪ್ಪಿಗೆ ತಕ್ಕ ನಷ್ಟ, ತಡವಾಗಿಯಾದರೂ, ಆ ಕಂಪನಿಯ ಮೇಲೆಯೇ ಬಿತ್ತು. ನಮ್ಮದೇ ನಾಡಿನ ಕುದುರೆಮುಖದಲ್ಲಿ ಹಾಗಾಗಲಿಲ್ಲ. ಅಲ್ಲಿ ವಂಚನೆಯ ಮಾತಿಲ್ಲ. ಕೇಂದ್ರ ಸರ್ಕಾರದ ಉದ್ಯಮವಾಗಿ 1976ರಲ್ಲಿ ಆರಂಭವಾದ ಕಬ್ಬಿಣದ ಅದಿರಿನ ಕಂಪನಿ ಅದು. ಲಾಭದಲ್ಲಿಯೇ ನಡೆಯುತ್ತಿತ್ತು, ನೂರಾರು ಸಂಸಾರಗಳಿಗೆ ಅನ್ನ ಕೊಟ್ಟಿತು. ಆದರೆ ಗಣಿಯಿದ್ದದ್ದು ಪಶ್ಚಿಮಘಟ್ಟದ ಮಳೆಕಾಡಿನ ನಡುವೆ, ಭದ್ರೆಯ ದಡದಲ್ಲಿ. ಮಳೆಗಾಲದಲ್ಲಿ ಗುಡ್ಡದ ಮಣ್ಣು ಕೊಚ್ಚಿ ಹೊಳೆಗೆ ಇಳಿಯುತ್ತಿತ್ತು. ಆ ಹೂಳಿನ ಬೆಲೆ ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಎಲ್ಲಿಯೂ ಕಾಣುವಂತಿರಲಿಲ್ಲ. ಅದನ್ನು ಹೊಳೆ ತೆರಬೇಕಾಯಿತು, ಕೆಳಗಿನ ಬಯಲಿನವರು ತೆರಬೇಕಾಯಿತು. ಜನರ ಹೋರಾಟ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳಿಯಿತು; ಆದರೆ ಕೆಲಸಗಾರರ ಊರು ಬರಿದಾಯಿತು. ಅವರ ನಷ್ಟವೂ ನಷ್ಟವೇ ಎಂಬುದನ್ನು ನಾವು ಮರೆಯಬಾರದು.

ಆದಕಾರಣ, ‘ಒಳ್ಳೆಯವರಾಗಿರಿ, ಲಾಭವಾದೀತು’ ಎಂಬ ಉಪದೇಶ ಅರ್ಧ ಸತ್ಯವೆಂದೇ ನನ್ನ ಎಣಿಕೆ. ಸತ್ಯಂನಂಥ ಕಡೆ ಅದು ನಿಜ; ಕುದುರೆಮುಖದಂಥ ಕಡೆ ಸಾಲದು. ಕೆಡುಕಿನ ಬೆಲೆಯನ್ನು ಇತರರು ತೆರುವವರೆಗೂ ಕೆಡುಕು ಲಾಭವಾಗಿಯೇ ಕಾಣುತ್ತದೆ. ಅಲ್ಲಿ ಬೇಕಾದದ್ದು ಆ ಬೆಲೆಯನ್ನು ಸರಿಯಾದ ಲೆಕ್ಕಕ್ಕೆ ಬರೆಯಿಸುವ ಕಾನೂನು, ಎಚ್ಚೆತ್ತ ಜನ, ಮತ್ತು ‘ಇಷ್ಟು ಸಾಕು’ ಎನ್ನುವ ಒಳದನಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಹಾಗೆ ಮಾಡಿದರೆ ನಾಳೆ ಇಮ್ಮಡಿ ಸಿಕ್ಕೀತೆಂದು ಆಕೆ ಹೇಳಲಿಲ್ಲ.

ಇಂದಿನ ನಮ್ಮ ವಿದ್ಯಾರ್ಥಿಗಳು ನಾಳೆ ಇಂಥ ಕಂಪನಿಗಳಲ್ಲಿ ದುಡಿಯುವವರು, ಅವುಗಳಲ್ಲಿ ಹಣ ತೊಡಗಿಸುವವರು. ನಯವಾದ ಕಾಗದದ ವರದಿ ಅವರ ಕೈಗೆ ಬಂದಾಗ, ಲಾಭವೆಷ್ಟು ಎಂದು ಕೇಳುವ ಮೊದಲು, ಇದರ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆದಿದೆ ಎಂದು ಕೇಳುವುದನ್ನು ಅವರು ಕಲಿಯಲಿ.