ಉಳಿಯ ಕುದ್ರುವಿನ ಸವಕಳಿ

ನೇತ್ರಾವತಿಯ ಉದ್ಯಮ ಚರಿತ್ರೆಯೆಂದೊಡನೆ ಮಂಗಳೂರಿನ ವರ್ತಕರಿಗೆ ನೆನಪಾಗುವುದು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನ ಹೊಳೆದಂಡೆಯಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆವೆಮಣ್ಣು ದೋಣಿಯಲ್ಲಿ ಬಂದು, ಹಂಚಾಗಿ ಸಮುದ್ರ ದಾಟಿತು. 1907ರಲ್ಲಿ ರೈಲು ಬಂದಿತು. ಮುಂದೆ ರಸ್ತೆ ಸೇತುವೆಗಳಾದವು. ಸರಕು ಹೊಳೆಯನ್ನು ಬಿಟ್ಟು ಲಾರಿಯೇರಿತು.

ಅದೇ ಹೊಳೆಯ ನಡುವಿನ ಪಾವೂರು ಉಳಿಯ ಕುದ್ರುವಿನವರಿಗೆ ಮಾತ್ರ ದೋಣಿ ತಪ್ಪಲಿಲ್ಲ. ಬೇಸಗೆಯಲ್ಲಿ ನೀರಿಳಿದಾಗ ಸ್ವಂತ ಹಣದಿಂದ ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಳ್ಳುವುದು, ಮಳೆಗೆ ಮುನ್ನ ಬಿಚ್ಚುವುದು ಅವರ ರೂಢಿ. ವರ್ಷದ ಅಂತ್ಯಕ್ಕೆ ಉಳಿಯದ ಈ ಆಸ್ತಿಯನ್ನು ಯಾವ ಲೆಕ್ಕಿಗನೂ ಬಂಡವಾಳವೆನ್ನಲಾರ!

ಈಗ ಹೊಳೆಯ ಬೆಲೆಯುಳ್ಳ ಸರಕು ಮರಳು. ಅಕ್ರಮ ಮರಳುಗಾರಿಕೆಯಿಂದ ಕುದ್ರುವಿನ ದಂಡೆ ಕುಸಿಯುತ್ತಿದೆಯೆಂದು ನಿವಾಸಿಗಳು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ದಂಡೆಯ ಬುಡದ ಮರಳು ತೆಗೆದರೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ನೆರೆ ಬಂದಾಗ ತೋಟವೂ ಜಾರುತ್ತದೆ. ಯಂತ್ರಕ್ಕೆ ಪ್ರತಿವರ್ಷ ಸವಕಳಿ ಬರೆಯಲಾಗುತ್ತದೆ. ಕುದ್ರುವಿನ ಸವಕಳಿ ಮಾತ್ರ ಮರಳು ಮಾರಿದವನ ಪುಸ್ತಕದಲ್ಲೂ ಇಲ್ಲ, ಕೊಂಡವನ ಪುಸ್ತಕದಲ್ಲೂ ಇಲ್ಲ. ಪರವಾನಗಿಯಿಲ್ಲದ ಲೋಡು ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ.

ಆದುದರಿಂದ ತೆಗೆಯುವವರನ್ನಷ್ಟೇ ದೂಷಿಸುವುದು ಅರ್ಧ ನ್ಯಾಯ. ಗೋದಾಮು ಕಟ್ಟಿಸುವ ವರ್ತಕರೂ ಷೆಡ್ ವಿಸ್ತರಿಸುವ ಕಿರು ಉದ್ಯಮಿಗಳೂ ಗುತ್ತಿಗೆದಾರನಿಂದ ಪರ್ಮಿಟ್ ಮತ್ತು ಬಿಲ್ಲು ಕೇಳಬೇಕು. ಅವಿಲ್ಲದ ಲಾರಿಯನ್ನು ಗೇಟಿನಿಂದಲೇ ಹಿಂದಿರುಗಿಸಬೇಕು. ಕೆಲಸ ನಿಂತೀತೆಂಬ ಆತಂಕ ಪೂರ್ಣ ಸರಿಯಲ್ಲ. ಕಾಂಕ್ರೀಟಿಗೆ ಕ್ರಷರಿನ ಎಂ-ಸ್ಯಾಂಡ್ ಇದೆ, ಗಾರೆಗೆ ನುಣುಪಾದ ಪಿ-ಸ್ಯಾಂಡ್ ದೊರೆಯುತ್ತದೆ. ಎರಡಕ್ಕೂ ಬಿಲ್ಲು ಸಿಗುತ್ತದೆ.