ಹಳೆಯ ಗಣಕಗಳ ಭಾರ ಯಾರ ಹೆಗಲಿಗೆ?

ಈ ಬಾರಿ ನೆನಪುಗಳ ಬುತ್ತಿಯನ್ನು ಬದಿಗಿಟ್ಟು ಒಂದು ಜಗಳದ ಕುರಿತು ಬರೆಯುತ್ತಿದ್ದೇನೆ. ಜಗಳ ನಮ್ಮ ಹುಡಗಿಯದಲ್ಲ, ಹುಮನಾಬಾದಿನದೂ ಅಲ್ಲ. ಮುಕ್ತ ತಂತ್ರಾಂಶಗಳನ್ನು ಕಟ್ಟಿ ಜಗತ್ತಿಗೆಲ್ಲ ಹಂಚುವ ಸ್ವಯಂಸೇವಕರ ನಡುವಿನದು. ಹಳೆಯ ಕಾರ್ಯಾಚರಣ ವ್ಯವಸ್ಥೆಗಳಿಗೂ ಹಳೆಯ ಯಂತ್ರಗಳಿಗೂ ಎಷ್ಟು ಕಾಲ ಒತ್ತಾಸೆಯಾಗಿ ನಿಲ್ಲಬೇಕು, ಯಾವಾಗ ಕೈಬಿಡಬೇಕು ಎಂಬುದೇ ಅದರ ವಸ್ತು. ಇದು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ನಗರದವರು ಬಳಸಿ ಬಿಟ್ಟ ಗಣಕಯಂತ್ರಗಳೇ ನಮ್ಮಂಥ ಊರುಗಳಲ್ಲಿ ಎಷ್ಟೋ ಮಕ್ಕಳ ಮೊದಲ ಗಣಕಯಂತ್ರಗಳು. ಅಲ್ಲಿ ‘ಹಳೆಯದು’ ಎನ್ನಿಸಿಕೊಂಡದ್ದು ಇಲ್ಲಿ ಆಗಷ್ಟೇ ಬಳಕೆಗೆ ಬಂದಿರುತ್ತದೆ.

ಹಾಗೆಂದು ಹಳೆಯದನ್ನೆಲ್ಲ ಎಂದೆಂದಿಗೂ ಹೊತ್ತು ನಡೆಯಬೇಕೆಂಬ ವಾದ ನನ್ನದಲ್ಲ. ಹಳೆಯದನ್ನು ಬಿಟ್ಟದ್ದರಿಂದಲೇ ಕನ್ನಡಕ್ಕೆ ಒಳಿತಾದ ಸಂದರ್ಭವೊಂದಿದೆ. ವಿಂಡೋಸ್ 98ರಲ್ಲಿ ಯೂನಿಕೋಡ್ ಕನ್ನಡಕ್ಕೆ ಸರಿಯಾದ ನೆಲೆಯಿರಲಿಲ್ಲ. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿ ದೊರೆಯಿತು. ಆದರೆ ಒತ್ತಕ್ಷರಗಳು ಸರಿಯಾಗಿ ಮೂಡಬೇಕಾದರೆ ಒಂದು ಗುರುತಿನ ಚೌಕವನ್ನು ಒತ್ತಿ, ಮೂಲ ಸೀಡಿಯನ್ನು ತುರುಕಬೇಕಾಗಿತ್ತು. ಆ ಸೀಡಿ ಯಾರ ಬಳಿ ಇರುತ್ತಿತ್ತು ಹೇಳಿ! 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದಾಗ ಹಳೆಯ ಯಂತ್ರಗಳವರಿಗೆ ಕಾಣುತ್ತಿದ್ದುದು ಸಾಮಾನ್ಯವಾಗಿ ಬರಿಯ ಚೌಕಗಳ ಸಾಲು. ಅವರಿಗಾಗಿ ಹಳೆಯ ಫಾಂಟುಗಳಲ್ಲೇ ಬರೆಯೋಣವೆಂದು ಅಂದು ಯೂನಿಕೋಡನ್ನು ಬದಿಗಿಟ್ಟಿದ್ದರೆ, ಇಂದು ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ, ಕನ್ನಡ, ಮರಾಠಿ, ಉರ್ದು ಮೂರೂ ಬೆರೆತಿರುವ ನಮ್ಮ ಸೀಮೆಗಂತೂ ಆ ನಿರ್ಧಾರ ವರವೇ ಆಯಿತು. ಒಂದೇ ಕಡತದಲ್ಲಿ ಮೂರು ಲಿಪಿಗಳು ಅಕ್ಕಪಕ್ಕ ಕೂರುವುದು ಹಳೆಯ ಫಾಂಟುಗಳಿಂದ ಆಗುವ ಮಾತಾಗಿರಲಿಲ್ಲ.

ಇನ್ನು ಲಿನಕ್ಸಿನ ಕಥೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಿಗೆ ವಿಂಡೋಸಿಗಾಗಿಯೇ ರಚಿತವಾದದ್ದು. ನಮಗೇಕೆ ಇಲ್ಲ ಎಂದು ಲಿನಕ್ಸ್ ಬಳಸುವವರು ಕೇಳಿದ್ದು ಸಹಜ. ಆದರೆ ಕೊರತೆಯನ್ನು ನೀಗಿಸಿದ್ದು ಕೇಳಿಕೆಯಲ್ಲ, ಕೆಲಸ. ಅದೇ ಕಗಪ ಕೀಲಿಮಣೆಯ ವಿನ್ಯಾಸವನ್ನು ಯಾರೋ ಕುಳಿತು ಲಿನಕ್ಸಿನ ಕೀಲಿಮಣೆ ವ್ಯವಸ್ಥೆಯೊಳಗೆ ಸೇರಿಸಿದರು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಶೈಲಿಗಳು ಡೆಬಿಯನ್ ಭಂಡಾರವನ್ನು ಸೇರಿದವು. 2017ರಲ್ಲಿ ಲಿಬ್ರೆಆಫೀಸ್ 5.3ನೇ ಆವೃತ್ತಿಯು ಎಲ್ಲ ವ್ಯವಸ್ಥೆಗಳಲ್ಲೂ ಹಾರ್ಫ್‌ಬಜ್ ಎಂಬ ಒಂದೇ ಅಕ್ಷರ ಜೋಡಣೆಯ ಯಂತ್ರವನ್ನು ಅಳವಡಿಸಿಕೊಂಡಿತು. ಅದಕ್ಕೂ ಮುನ್ನ ವಿಂಡೋಸಿನಲ್ಲಿ ಅಕ್ಷರ ಜೋಡಿಸುತ್ತಿದ್ದ ತಂತ್ರವೇ ಬೇರೆ, ಲಿನಕ್ಸಿನಲ್ಲಿ ಜೋಡಿಸುತ್ತಿದ್ದ ತಂತ್ರವೇ ಬೇರೆ.

ಈಗ ನಡೆದಿರುವುದು ಇದಕ್ಕೆ ವಿರುದ್ಧ ದಿಕ್ಕಿನ ಚಲನೆ. 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಹಳೆಯ ಯಂತ್ರಗಳಿಗೆ ಸ್ಥಾಪಕವೂ ಇಲ್ಲ, ಕರ್ನೆಲ್ಲೂ ಇಲ್ಲ. ಅದೇ ತಿಂಗಳ ಲಿಬ್ರೆಆಫೀಸ್ 25.8 ವಿಂಡೋಸ್ 7 ಮತ್ತು 8ನ್ನು ಕೈಬಿಟ್ಟಿತು. ಕಾರಣಗಳು ಸುಳ್ಳಲ್ಲ. ಇಂದಿನ ದೊಡ್ಡ ತಂತ್ರಾಂಶಗಳನ್ನು ಕಟ್ಟುವಾಗ 32 ಬಿಟ್ಟಿನ ಸ್ಮೃತಿಯ ಮಿತಿಯೇ ಸಾಲದಾಗುತ್ತದೆ. ಪರೀಕ್ಷಿಸಿ ನೋಡುವವರೂ ಸಿಗುವುದಿಲ್ಲ. ಡೆಬಿಯನ್ನಿಗೆ ತನ್ನದೇ ಆದ ಒಂದು ಸಂವಿಧಾನವಿದೆ. ಯಾರೂ ಯಾವ ಕೆಲಸವನ್ನೂ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ, ಆದರೆ ಸರಿಯಾಗಿ ಆದ ನಿರ್ಣಯಗಳಿಗೆ ವಿರುದ್ಧವಾಗಿ ದುಡಿಯಬಾರದು ಎಂಬುದು ಅದರ ಆಶಯ. ಪೌರನೀತಿ ಪಾಠ ಮಾಡಿದ ನನಗೆ ಇದು ಬಹಳ ಹಿಡಿಸಿತು. ನಮ್ಮ ಹೊಲಗಳ ಮುಯ್ಯಾಳಿನ ಪದ್ಧತಿಯಲ್ಲೂ ಬಾರದವನನ್ನು ಯಾರೂ ಎಳೆತರುವುದಿಲ್ಲ. ಅವನ ಹೊಲಕ್ಕೆ ತಾವೂ ಹೋಗುವುದಿಲ್ಲ, ಅಷ್ಟೆ.

ನನ್ನ ತಕರಾರು ಇರುವುದು ಬಿಡುವುದರ ಬಗ್ಗೆ ಅಲ್ಲ, ಬಿಡುವ ರೀತಿಯ ಬಗ್ಗೆ. 2025ರ ಅಕ್ಟೋಬರ್ 31ರಂದು ಡೆಬಿಯನ್ನಿನ ‘ಆಪ್ಟ್’ ಎಂಬ ಸ್ಥಾಪನಾ ಸಾಧನದ ನಿರ್ವಾಹಕರೊಬ್ಬರು ಒಂದು ಪ್ರಕಟಣೆ ಹೊರಡಿಸಿದರು. ಮುಂದಿನ ಮೇ ತಿಂಗಳ ಬಳಿಕ ಆ ಸಾಧನಕ್ಕೆ ರಸ್ಟ್ ಭಾಷೆ ಅನಿವಾರ್ಯ. ರಸ್ಟ್ ಇಲ್ಲದ ಯಂತ್ರಗಳ ಕವಲುಗಳನ್ನು ನಡೆಸುವವರು ಆರು ತಿಂಗಳೊಳಗೆ ಅದನ್ನು ಒದಗಿಸಿಕೊಳ್ಳಬೇಕು, ಇಲ್ಲವೇ ಕವಲನ್ನು ಮುಚ್ಚಬೇಕು. ಆಲ್ಫಾದಂಥ ಆ ಹಳೆಯ ಯಂತ್ರಗಳು ನಮ್ಮ ಕಡೆ ಯಾರ ಮನೆಯಲ್ಲೂ ಇರಲಾರವು, ನಿಜ. ಆದರೂ ಅವನ್ನು ಬಿಡುವಿನ ವೇಳೆಯಲ್ಲಿ ಉಳಿಸಿಕೊಂಡು ಬಂದವರಿಗೆ ಆರು ತಿಂಗಳೆಂಬುದು ಅವಧಿಯಲ್ಲ, ನೋಟೀಸು. ಭದ್ರತೆಯ ಕಾರಣ ಗಟ್ಟಿಯಾದದ್ದೇ ಇರಬಹುದು. ಮೊದಲು ಕೂಡಿ ಚರ್ಚಿಸಿ, ಆಮೇಲೆ ಗಡುವು ಹೇಳಬಹುದಿತ್ತು.

ಇದಕ್ಕಿಂತ ಪೈಥಾನ್ ಬಳಗದ ದಾರಿ ಮೇಲು. ಹೊಸ ಆವೃತ್ತಿ ಹೊರಡುವ ಹೊತ್ತಿಗೆ ಮೈಕ್ರೋಸಾಫ್ಟ್ ಯಾವ ವಿಂಡೋಸಿಗೆ ಬೆಂಬಲ ಮುಂದುವರಿಸಿರುತ್ತದೆಯೋ ಅದಕ್ಕಷ್ಟೇ ತಮ್ಮ ಬೆಂಬಲವೆಂದು ಅವರು ಮುಂಚೆಯೇ ಬರೆದಿಟ್ಟಿದ್ದಾರೆ. 2020ರ ಜನವರಿಯಲ್ಲಿ ವಿಂಡೋಸ್ 7ರ ಅವಧಿ ಮುಗಿಯಿತು. ಅದೇ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.9 ಅದರ ಮೇಲೆ ನಡೆಯಲಿಲ್ಲ. ಜಗಳಕ್ಕೆ ಆಸ್ಪದವೇ ಕಡಿಮೆ. ಆದರೆ ಸ್ವಯಂಸೇವಕರು ತಮ್ಮ ಪಂಚಾಂಗವನ್ನು ಒಂದು ಕಂಪನಿಯ ಗೋಡೆಗೆ ತೂಗುಹಾಕಿದ್ದಾರಲ್ಲ ಎಂಬ ಕಸಿವಿಸಿ ನನಗೆ ಇದ್ದೇ ಇದೆ.

ನಾನು ಮೆಚ್ಚಿದ್ದು ಎನ್‌ವಿಡಿಎ ಬಳಗವನ್ನು. ದೃಷ್ಟಿಹೀನರಿಗೆ ಪರದೆಯನ್ನು ಓದಿ ಹೇಳುವ ಈ ಮುಕ್ತ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದ ಮೈಕೆಲ್ ಕರನ್ ಸ್ವತಃ ದೃಷ್ಟಿಹೀನರು. ಇದರ ಜೊತೆಗೆ ಬರುವ ಧ್ವನಿಯಂತ್ರ ಕನ್ನಡವನ್ನೂ ಓದುತ್ತದೆ, ಉಚ್ಚಾರಣೆ ಒರಟಾದರೂ! ಎಕ್ಸ್‌ಪಿಗೆ 2017.3, ವಿಂಡೋಸ್ 7ಕ್ಕೆ 2023.3.4 ಕೊನೆಯ ಆವೃತ್ತಿಗಳು. ಮುಂದೆ ಸಾಗಿದರೂ ಆ ಕೊನೆಯ ಆವೃತ್ತಿಗಳನ್ನು ಬೇಕಾದವರಿಗೆ ಸಿಗುವಂತೆ ಇಟ್ಟಿದ್ದಾರೆ. ಹಳೆಯ ಗಣಕದ ಮುಂದೆ ಕುಳಿತ ಕುರುಡು ವಿದ್ಯಾರ್ಥಿಗೆ ಈ ಒಂದು ಏರ್ಪಾಡು ಇಲ್ಲವೆಂದರೆ ಪರದೆ ಮೂಕವಾದಂತೆಯೇ.

ಡೆಬಿಯನ್ 12ರ 32 ಬಿಟ್ಟಿನ ಆವೃತ್ತಿಗೆ 2028ರ ಜೂನ್ 30ರವರೆಗೆ ಭದ್ರತಾ ಪರಿಷ್ಕರಣೆಗಳು ದೊರೆಯಲಿವೆ. ಬೀದರ್, ಭಾಲ್ಕಿಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಷ್ಟರೊಳಗೆ ಹಳೆಯ ಯಂತ್ರಗಳ ಮೇಲೆ ಅದನ್ನು ಓಡಿಸಿ, ಕನ್ನಡದ ಅರ್ಕಾವತ್ತು ಎಲ್ಲಿ ಮುರಿಯುತ್ತದೆ, ಯಾವ ತಂತ್ರಾಂಶ ಎಲ್ಲಿ ನಿಂತುಬಿಡುತ್ತದೆ ಎಂದು ಬರೆದು ಕಳುಹಿಸಿದರೆ, 32 ಬಿಟ್ಟಿನ ಕವಲನ್ನು ಮುಂದುವರಿಸಲು ಬಯಸುವವರಿಗೆ ಕೈ ಸಿಕ್ಕಂತಾಗುತ್ತದೆ. ಯಾರಾದರೂ ಮುಂದೆ ಬಂದಲ್ಲಿ ಎರಡು ಗಣಕಗಳನ್ನೂ ಒಂದು ಕೋಣೆಯನ್ನೂ ನಾನು ಒದಗಿಸಬಲ್ಲೆ. ಹುಡಗಿಯಲ್ಲಿ ಕರೆಂಟು ಇರುವ ಹೊತ್ತನ್ನು ಮಾತ್ರ ಮೊದಲೇ ಕೇಳಿಕೊಂಡು ಬರಬೇಕು.