ಆಯೇರಿಗೊಂದು ಹೊತ್ತು ಗೊತ್ತುಮಾಡಿ: ಜಾತ್ರಾ ಕಮಿಟಿಯವರಲ್ಲಿ ಒಂದು ಮನವಿ

ಜಾತ್ರಾ ಕಮಿಟಿಯ ಹಿರಿಯರೇ, ತರುಣ ಸಂಘದ ಗೆಳೆಯರೇ,

ಜಾತ್ರೆಗಳ ಕಾಲ ಬಂತೆಂದರೆ ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಹಳ್ಳಿಗಳಲ್ಲಿ ನಾಟಕದ ತಾಲೀಮು ಶುರುವಾಗುತ್ತದೆ. ಪೆಟ್ಟಿಗೆ ಮಾಸ್ತರರನ್ನು ಗೊತ್ತುಮಾಡುವುದು, ಸೀನರಿಯವರಿಗೆ ಮುಂಗಡ ಕೊಡುವುದು, ಮನೆಮನೆಗೆ ಹೋಗಿ ಪಟ್ಟಿ ಎತ್ತುವುದು, ಇವನ್ನೆಲ್ಲ ನಮ್ಮೂರಲ್ಲಿ ನಾನೂ ಮಾಡುತ್ತ ಬಂದಿದ್ದೇನೆ. ನಾಟಕ ಕೆಟ್ಟರೆ ಮಾತು ಮರೆತ ಹುಡುಗನನ್ನು ಬಯ್ಯುವುದು ನಮ್ಮ ರೂಢಿ. ನಿಜವಾಗಿ ಅದನ್ನು ಕೆಡಿಸುವವರು ನಾವೇ, ನಡೆಸುವವರು.

ಹ್ಯಾಂಡ್‌ಬಿಲ್‌ನಲ್ಲಿ ರಾತ್ರಿ 9ಕ್ಕೆ ಎಂದಿರುತ್ತದೆ. ಉದ್ಘಾಟಕರು ಬರುವುದೇ ಹತ್ತೂವರೆಗೆ. ಆಮೇಲೆ ದೀಪ, ಶಾಲು, ಸ್ವಾಗತ, ದಾನಿಗಳ ಸನ್ಮಾನ. ನಾಂದಿ ಹಾಡುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ತಾಡಪತ್ರಿಯ ಮೇಲೆ ನಿದ್ದೆ ಹೋಗಿರುತ್ತಾರೆ. 2000ನೇ ಇಸ್ವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಸರ್ಕಾರ ವಿನಾಯಿತಿ ಕೊಟ್ಟರೂ ಅದು 12ರವರೆಗೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಅಂದರೆ ಮೈಕಿಗೆ ಸಲ್ಲುವ ಹೊತ್ತನ್ನೆಲ್ಲ ಭಾಷಣವೇ ನುಂಗಿರುತ್ತದೆ. ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ, ಬೆಳತನಕ ಕುಣಿಯುವ ದೊಡ್ಡಾಟದ ರೀತಿ ನಮಗೇನೂ ಹೊಸದಲ್ಲ. ಆದರೆ ಅಲ್ಲಿ ರಾತ್ರಿಯಿಡೀ ನಡೆಯುವುದು ಆಟ, ಭಾಷಣವಲ್ಲ.

ಇನ್ನು ಆಯೇರಿ, ಅಂದರೆ ಪಾತ್ರಧಾರಿಗಳಿಗೆ ಕೊಡುವ ಉಡುಗೊರೆ. ತಾಯಿ ಸಾಯುವ ದೃಶ್ಯ, ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಅಷ್ಟರಲ್ಲಿ ಮೈಕಿನಲ್ಲಿ ಯಾರದೋ ಹೆಸರು, ಮಗನ ಪಾತ್ರಧಾರಿಗೆ ಗೆಳೆಯರ ಬಳಗದಿಂದ ಟವೆಲ್ಲು, ಹಾರ, ಐನೂರ ಒಂದು ರೂಪಾಯಿ. ತಾಯಿಗೂ ಒಂದು ಖಣ. ಸತ್ತವಳು ಎದ್ದು ಕೂತು, ಹಾರ ಹಾಕಿಸಿಕೊಂಡು, ಫೋಟೋ ಮುಗಿಯುವತನಕ ಕೈಮುಗಿದು ನಿಂತು, ಮತ್ತೆ ಮಲಗಿ ಸಾಯಬೇಕು. ಜನ ನಗುತ್ತಾರೆ. ಆ ದೃಶ್ಯ ಮತ್ತೆ ಮೇಲೇಳುವುದಿಲ್ಲ. ಆಯೇರಿ ಬೇಡ ಎನ್ನುತ್ತಿಲ್ಲ, ಅದು ಪ್ರೀತಿಯ ರೊಕ್ಕ. ಒಂದನೇ ಅಂಕ ಮುಗಿದು ಪರದೆ ಬಿದ್ದಾಗ ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಈ ಹೊತ್ತಿನ ಪೋಲು ಹೆಚ್ಚಾಗಿ ಯಾರ ಮೈಮೇಲೆ ಬೀಳುತ್ತದೆ ಗೊತ್ತೆ? ಹೊರಗಿನಿಂದ ಬರುವ ಕಲಾವಿದೆಯರ ಮೇಲೆ. ಗಂಡು ಪಾತ್ರಗಳೆಲ್ಲ ಊರವರವು, ಆಟ ಮುಗಿದರೆ ಮನೆಗೆ ಹೋಗಿ ಮಲಗಬಹುದು. ಆಕೆ ಸಂಜೆಯ ಬಸ್ಸಿಗೆ ಬಂದಿರುತ್ತಾಳೆ, ನಾಳೆ ಇನ್ನೊಂದು ಊರಿನ ಕರೆ ಇರುತ್ತದೆ. ಬಣ್ಣ ಹಚ್ಚಿಕೊಳ್ಳಲು ಸೀನರಿಯ ಹಿಂದೆ ಕಟ್ಟಿದ ಒಂದು ಪರದೆ, ಅದರ ಸಂದಿಯಲ್ಲಿ ಇಣುಕುವ ಹುಡುಗರು. ಶೌಚಕ್ಕೆ ಎಲ್ಲಿ ಹೋಗಬೇಕೆಂದು ಕೇಳಲೂ ಸಂಕೋಚ. ಬೆಳಗಿನ ಜಾವ ಬಾಕಿ ರೊಕ್ಕ ಕೇಳಿದರೆ ಖಜಾಂಚಿ ಮಲಗಿದ್ದಾನೆ ಎಂಬ ಉತ್ತರ. ಹೆಸರಾಂತ ಗಾಯಕ ನಟಿಯರಾದ ಅಮೀರಬಾಯಿ ಕರ್ನಾಟಕಿ, ಗೋಹರಬಾಯಿ ಹುಟ್ಟಿದ ಬೀಳಗಿ ನಮ್ಮದೇ ಜಿಲ್ಲೆಯದು. ವೇದಿಕೆಯ ಭಾಷಣದಲ್ಲಿ ಅವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ, ಹಿಂದೆ ಕೂತವಳಿಗೆ ಚಹಾ ಹೋಯಿತೋ ಇಲ್ಲವೋ ನೋಡುವುದಿಲ್ಲ.

ಕಲಿಯಬೇಕೆಂದರೆ ದೂರ ಹೋಗಬೇಕಿಲ್ಲ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ಕಂಪನಿಗಳು ವಾರಗಟ್ಟಲೆ ಠಿಕಾಣಿ ಹೂಡುತ್ತವೆ. ಅವರ ಮಾತಿನ ಧಾಟಿ, ದ್ವಂದ್ವಾರ್ಥದ ಹಾಸ್ಯ ನನಗಂತೂ ಹಿಡಿಸುವುದಿಲ್ಲ. ಆದರೆ ಅವರ ಗಂಟೆಯ ಶಿಸ್ತು ನೋಡಿ. ಟಿಕೆಟ್ ಕೊಂಡವರು ಒಳಗೆ ಕೂತಿದ್ದಾರೆ, ಮುಂದಿನ ಆಟದವರು ಹೊರಗೆ ಕಾಯುತ್ತಿದ್ದಾರೆ. ಬೆಲ್ಲಾಯಿತೆಂದರೆ ಪರದೆ ಏಳಲೇಬೇಕು. ಅವರ ಹೊಟ್ಟೆಪಾಡು ಕಲಿಸಿದ ಈ ಶಿಸ್ತನ್ನು ಹವ್ಯಾಸಕ್ಕೆ ಆಡುವ ನಾವು ಯಾಕೆ ಕಲಿಯಬಾರದು?

ಈ ಸಲ ಹ್ಯಾಂಡ್‌ಬಿಲ್ ಅಚ್ಚಿಗೆ ಕೊಡುವ ಮೊದಲೇ ಕಮಿಟಿ ಕೂಡಿಸಿ ಠರಾವು ಬರೆಯಿರಿ. ಉದ್ಘಾಟನೆ ಏಳಕ್ಕೆ, ಅದಕ್ಕೆ ಅರ್ಧ ತಾಸು. ಅತಿಥಿ ತಡವಾದರೆ ಊರಿನ ಹಿರಿಯರೊಬ್ಬರು ದೀಪ ಹಚ್ಚಲಿ. ಗುಡಿಯ ಹತ್ತಿರದ ಒಂದು ಮನೆಯನ್ನು, ಬಚ್ಚಲಿರುವ ಮನೆಯನ್ನು, ಕಲಾವಿದೆಯರಿಗೆ ಬಿಟ್ಟುಕೊಡಿ. ಆ ಮನೆಯ ಅವ್ವನೋ ಅಕ್ಕನೋ ಅವರ ಜತೆಗಿರಲಿ. ಬಾಕಿ ರೊಕ್ಕವನ್ನು ಎಣಿಸಿ ಲಕೋಟೆಯಲ್ಲಿಟ್ಟು ಕೊನೆಯ ಅಂಕಕ್ಕೆ ಮುಂಚೆಯೇ ಅವರ ಕೈಗೆ ಕೊಡಿ. ಪಟ್ಟಿ ಕಡಿಮೆ ಬಿದ್ದಿದ್ದರೆ ಡಿಜೆಯ ಖರ್ಚು ಕೈಬಿಡಿ.